ತಿರುಗಿ ನೋಡದ ಮುನಿಯಣ್ಣ

ದೃಷ್ಟಿ ತೆಗೆದ ಬೂದುಗುಂಬಳವನ್ನು ಒಡೆದವನು ತಿರುಗಿ ನೋಡಬಾರದು. ನೋಡಿದರೆ ಹೋದ ದೃಷ್ಟಿ ಮರಳಿ ಬರುತ್ತದೆ. ಟಿ. ದಾಸರಹಳ್ಳಿಯ ಮುನಿಯಣ್ಣ ಇಪ್ಪತ್ತೆರಡು ವರ್ಷ ಈ ನಿಯಮವನ್ನು ಒಮ್ಮೆಯೂ ಮುರಿದವನಲ್ಲ. ಆಯುಧಪೂಜೆ ಬಂತೆಂದರೆ ಪೀಣ್ಯದ ನಲವತ್ತು ವರ್ಕ್‌ಶಾಪುಗಳಿಗೆ ಅವನೇ ಬೇಕು. ಕಾಯಿಯ ತಲೆ ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಲೇತ್ ಯಂತ್ರದಿಂದ ಹಿಡಿದು ಮಾಲೀಕರ ಕಾರಿನವರೆಗೆ ಎಲ್ಲಕ್ಕೂ ಮೂರು ಸುತ್ತು ನಿವಾಳಿಸಿ, ರಸ್ತೆಯ ನಡುವೆ ಎತ್ತಿ ಅಪ್ಪಳಿಸುತ್ತಿದ್ದ. ಆಮೇಲೆ ಕತ್ತು ಸೆಟೆಸಿಕೊಂಡು, ದಿಬ್ಬಣದ ಮದುಮಗನಂತೆ ನೇರ ನಡೆದುಬಿಡುತ್ತಿದ್ದ. ಹಿಂದೆ ಏನಾಗುತ್ತಿತ್ತೆಂಬುದು ಅವನಿಗೆ ತಿಳಿಯದು.

ತಿಳಿದವನು ಭರಮಪ್ಪ. ಬಾಗಲಕೋಟೆ ಕಡೆಯಿಂದ ಲೇತ್ ಕೆಲಸಕ್ಕೆ ಬಂದ ಈತ ಒಂಬತ್ತು ವರ್ಷಗಳಿಂದ ಮುನಿಯಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಮಾಲೀಕ ಯಾರು, ಬಾಡಿಗೆಯವನು ಯಾರು ಎಂಬುದು ಮೊದಲ ತಿಂಗಳಲ್ಲೇ ಮರೆತುಹೋಗಿತ್ತು; ಸಂಜೆಯ ಟೀಯನ್ನು ಒಬ್ಬನನ್ನು ಬಿಟ್ಟು ಇನ್ನೊಬ್ಬ ಕುಡಿಯುತ್ತಿರಲಿಲ್ಲ. ಹಿಂದಿನ ವರ್ಷ ಹಬ್ಬದ ದಿನ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳೊಬ್ಬಳು ಭರಮಪ್ಪನ ಕಣ್ಣೆದುರೇ ಕುಂಬಳದ ಹೋಳಿನ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಅದಕ್ಕೇ 2012ರ ಆಯುಧಪೂಜೆಯ ಸಂಜೆ ಅವನು ಗೋಣಿಚೀಲ ಹಿಡಿದು ಹೊರಟ. ತುಂತುರು ಮಳೆಯಲ್ಲಿ ನೆನೆಯುತ್ತ ಹೋಳು ಹೆಕ್ಕುವವನನ್ನು ಕಂಡು ಹಣ್ಣಿನ ಗಾಡಿಯ ರಾಮಕ್ಕ, "ಯಾವ ದೇವರ ಹರಕೆ ಅಣ್ಣ ಇದು?" ಎಂದಳು.

"ನಾಳೆ ಈ ದಾರ್ಯಾಗ ಬರೂ ದೇವ್ರದು."

ಸುದ್ದಿ ಕೇಳಿದ ಮುನಿಯಣ್ಣ ಭರಮಪ್ಪನ ಬಾಗಿಲಿಗೆ ಓಡಿಬಂದ.

"ಮುಟ್ಬಿಟ್ಯಾ? ಬರೀ ಕೈಯಾಗೆ?"

"ಹೂಂ. ಕೈ ತೊಳಕೊಂಡೀನಲ್ಲ."

"ನಲವತ್ತು ಫ್ಯಾಕ್ಟ್ರಿ ದೃಷ್ಟಿ ಕಣೋ ಅದು! ಸೋಪಾಕಿದ್ರೆ ಓಯ್ತದಾ?"

"ಅಣ್ಣಾ, ನಿನ್ನ ಕೈಯಾಗ ಇರೂತನಾ ದೃಷ್ಟಿ. ನೆಲಕ್ಕ ಬಿದ್ದ ಮ್ಯಾಲೆ ಕಸಾ."

ಮೂರನೆಯ ದಿನ ಭರಮಪ್ಪನಿಗೆ ಚಳಿಜ್ವರ ಬಂತು. ಮಳೆಯಲ್ಲಿ ನೆನೆದದ್ದೇ ಕಾರಣವೆಂದು ಡಾಕ್ಟರು ಮಾತ್ರೆ ಕೊಟ್ಟರು. ಮುನಿಯಣ್ಣ ಒಪ್ಪಲಿಲ್ಲ. ಒಡೆದವಷ್ಟೂ ತನ್ನ ಕಾಯಿಗಳೇ; ಗೆಳೆಯನಿಗೆ ಏನಾದರೂ ಆದರೆ ಅದಕ್ಕೆ ತಾನೇ ಹೊಣೆ. ಉಳಿದಿದ್ದ ಕಾಯಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹೊತ್ತುಕೊಂಡು ಹಿಂದಿನ ಕೋಣೆಗೆ ನುಗ್ಗಿದ.

"ಎದ್ದು ಕುಂತ್ಕೋ. ನಿಂದೂ ತೆಗೆದ್ಬಿಡ್ತೀನಿ."

ಭರಮಪ್ಪ ಕಂಬಳಿಯಿಂದ ಮೂಗನ್ನಷ್ಟೇ ಹೊರಗೆ ಹಾಕಿದ. "ತಗೀಯಣ್ಣಾ. ಆದ್ರ ಎಲ್ಲಿ ಒಡೀತಿ?"

"ಮೂರು ದಾರಿ ಕೂಡೋ ತಾವ. ಇನ್ನೆಲ್ಲಿ?"

"ಹಂಗಾರ ಆ ಚೀಲಾ ಕೊಡ. ಹೆಕ್ಕಾಕ ನಾನೂ ಬರ್ತೀನಿ."

ಅವನು ನಿಜವಾಗಿಯೂ ಏಳತೊಡಗಿದ. ಹೆಂಡತಿ ಮಲಕವ್ವ ಭುಜ ಒತ್ತಿ ಮಲಗಿಸಿದಳು. "ಒಬ್ರು ಒಡ್ಯಾವ್ರು, ಒಬ್ರು ಹೆಕ್ಕಾವ್ರು. ನಡುವ ಮಾತ್ರಿ ನುಂಗಾವ್ರು ಯಾರು?"

ಮುನಿಯಣ್ಣ ನಿವಾಳಿಸಿದ ಕಾಯಿಯನ್ನು ಕೂಡುರಸ್ತೆಗೆ ಒಯ್ದು ಅಪ್ಪಳಿಸಿದ. ಕತ್ತು ಸೆಟೆಸಿ ಹೊರಟ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನ ಹಿಂದೆ ಸ್ಕೂಟರೊಂದು ಕಿರ್ರನೆ ಬ್ರೇಕ್ ಹಾಕಿತು. ಹೆಂಗಸೊಬ್ಬಳು "ಅಯ್ಯಯ್ಯೋ" ಎಂದಳು. ತಿರುಗಿದರೆ ದೃಷ್ಟಿ ಭರಮಪ್ಪನ ಮೇಲೇ ಮರಳುತ್ತದೆ. ತಿರುಗದಿದ್ದರೆ ಭರಮಪ್ಪ ಜ್ವರದಲ್ಲೇ ಚೀಲ ಹಿಡಿದು ಬರುತ್ತಾನೆ. ಮುನಿಯಣ್ಣ ಎತ್ತಿದ ಕಾಲನ್ನು ಇಳಿಸದೆ ನಿಂತುಬಿಟ್ಟ.

"ಏನಣ್ಣ, ಕಾಲು ಹಿಡ್ಕೊಂತಾ?" ಎಂದಳು ಪಕ್ಕದ ಹಣ್ಣಿನ ಗಾಡಿಯಿಂದ ರಾಮಕ್ಕ.

ಮುನಿಯಣ್ಣ ತಿರುಗಿದ.

ಹೆಂಗಸು ಬಿದ್ದಿರಲಿಲ್ಲ. ಕೆಂಪು ಹೋಳುಗಳ ಅಂಚಿನಲ್ಲಿ ಕಾಲೂರಿ ನಿಂತು, ಕಾಯಿ ಒಡೆದವನ ವಂಶವನ್ನೆಲ್ಲ ಹೆಸರಿಲ್ಲದೆ ಬೈಯುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ತನ್ನ ಪಾಲಿಗೆ ಬರುತ್ತಿದ್ದ ಬೈಗುಳವನ್ನು ಮುನಿಯಣ್ಣ ಮೊದಲ ಸಲ ಕಿವಿಯಾರೆ ಕೇಳಿದ. ಟ್ರಾಫಿಕ್ ಪೊಲೀಸನಂತೆ ಎರಡೂ ಕೈ ಚಾಚಿ ಗಾಡಿಗಳನ್ನು ತಡೆದ. ಲುಂಗಿ ಎತ್ತಿ ಕಟ್ಟಿ, ಕಣ್ಣು ಮುಚ್ಚಿ, ಮೊದಲ ಹೋಳನ್ನು ಮುಟ್ಟಿದ. ತಣ್ಣಗಿತ್ತು, ಅಷ್ಟೇ. ಉಳಿದವನ್ನು ಕಣ್ಣು ಬಿಟ್ಟೇ ಹೆಕ್ಕಿದ.

ಮನೆ ತಲುಪುವಷ್ಟರಲ್ಲಿ ಧೈರ್ಯ ಕರಗಿತ್ತು. ಕುಂಕುಮದ ಕೈಗಳನ್ನು ಮೈಯಿಂದ ದೂರ ಹಿಡಿದು ಬಾಗಿಲಲ್ಲೇ ನಿಂತ. "ಮುಟ್ಬಿಟ್ಟೆ ಕಣೋ. ಇನ್ನು ನಂಗೆ ಯಾರು ತೆಗೀತಾರೆ?"

ದೃಷ್ಟಿಯನ್ನು ಎಂದೂ ನಂಬದ ಭರಮಪ್ಪ ನಗಲಿಲ್ಲ. ಕಂಬಳಿ ಹೊದ್ದೇ ಎದ್ದು, ಉಪ್ಪು, ಒಣಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ಗೆಳೆಯನಿಗೆ ನಿವಾಳಿಸಿದ. "ಕೈ ಉಲ್ಟಾ ತಿರುಗಸಾಕತ್ತೀರಿ," ಎಂದು ಮಲಕವ್ವ ತಿದ್ದಿದಳು. ಕಾದ ರೊಟ್ಟಿಹಂಚಿನ ಮೇಲೆ ಅವನ್ನು ಹಾಕಿದ್ದೇ ತಡ, ಘಾಟಿಗೆ ಮೂವರೂ ಕಣ್ಣು ಮೂಗು ಸುರಿಸುತ್ತ ಅಂಗಳಕ್ಕೆ ಓಡಿದರು.

"ಇಷ್ಟು ಘಾಟು ಬಂತಂದ್ರ ನಿನಗೇನೂ ತಾಗಿಲ್ಲ ಅಣ್ಣಾ."

"ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಬರೀ ಬಣ್ಣ ಕಣೋ. ಅದ್ರ ಮಾತು ನಂಬಂಗಿಲ್ಲ," ಎಂದ ಮುನಿಯಣ್ಣ, ಕೆಮ್ಮಿನ ನಡುವೆ.

ಅಷ್ಟರಲ್ಲಿ ಭರಮಪ್ಪನ ಹಣೆ ಬೆವರಿತ್ತು. ಜ್ವರ ಬಿಟ್ಟದ್ದು ಕುಂಬಳದಿಂದ ಎಂದು ಮುನಿಯಣ್ಣ, ಮಾತ್ರೆಯಿಂದ ಎಂದು ಮಲಕವ್ವ, ಘಾಟಿನಿಂದ ಎಂದು ಭರಮಪ್ಪ ಇಂದಿಗೂ ವಾದಿಸುತ್ತಾರೆ.

ಮರುವರ್ಷ ಮುನಿಯಣ್ಣ ಕಾಯಿ ಒಡೆದು ಅಲ್ಲೇ ತಿರುಗಿ ಬಗ್ಗಿದಾಗ ವರ್ಕ್‌ಶಾಪಿನ ಮಾಲೀಕರು ಗಾಬರಿಯಾದರು. "ಏನ್ ಮುನಿಯಣ್ಣ, ತಿರುಗಿ ನೋಡ್ಬಾರ್ದು ಅಂತಿದ್ದೆ?"

"ಅವಾಗ ಹಿಂದೆ ಯಾರು ಬತ್ತಾರೆ ಅಂತ ನಂಗೇನ್ ಗೊತ್ತಿತ್ತು ಸಾರ್? ಈಗ ನೋಡಿ, ಊರೆಲ್ಲ ಹಿಂದೇನೇ ಬತ್ತಾವ್ರೆ," ಎಂದ ಮುನಿಯಣ್ಣ, ಗೋಣಿಚೀಲದ ಇನ್ನೊಂದು ತುದಿಯನ್ನು ಭರಮಪ್ಪನ ಕೈಗೆ ಕೊಡುತ್ತ.