ಮೀನೆಣ್ಣೆ ಹಚ್ಚಿದ ಯಂತ್ರ

ಹಿತ್ತಿಲ ಕಲ್ಲಿನ ಮೇಲೆ ಕೂತು ಶೆಟ್ಲಿ ಸಿಗಡಿಯ ಸಿಪ್ಪೆ ಸುಲಿಯುತ್ತಿದ್ದೆ. ಪಕ್ಕದ ಮನೆಯಾಕೆ ಬೇಲಿಯಾಚೆ ಬಂದು ನಿಂತು, "ಕೈ ತೊಳಕೊಂಡು ಬಾ. ಬೋಟಲ್ಲಿ ನಿನ್ನ ಗಂಡನಿಗೆ ಪೆಟ್ಟಾಯ್ತಂತೆ" ಅಂದಳು. ಜೀವ ಇದೆಯೋ ಇಲ್ಲವೋ ಎಂದು ಅವಳ ಮುಖ ನೋಡಿದೆ. ಅವಳೇ ಹೇಳಿದಳು: "ಜೀವಕ್ಕೆ ಎಂತದೂ ಇಲ್ಲ. ಕೈ."

ಬಲೆ ಎಳೆಯುವ ವಿಂಚ್ ಯಂತ್ರದ ಹಗ್ಗ ಬಲಗೈಯನ್ನು ಸುತ್ತಿಕೊಂಡಿತ್ತು. ಕಾರವಾರದ ಆಸ್ಪತ್ರೆಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿಸಿಕೊಟ್ಟರು, ನಡುವಿನವು ಹೋದವು. ಅಂಗೈಗೆ ಸ್ಪರ್ಶ ಮರಳಲಿಲ್ಲ. ಹಗ್ಗ ಕೊರಳಿಗೆ ಸುತ್ತಲಿಲ್ಲವಲ್ಲ ಎಂದು ನಾನು ದೇವಿಗೆ ಹೂವು ಏರಿಸಿ ಬಂದೆ. ಆ ಮಾತನ್ನು ಅವರ ಮುಂದೆ ಆಡಲಿಲ್ಲ. ಎಡಗೈಯಲ್ಲಿ ಉಣ್ಣಬೇಕಲ್ಲ ಎಂದು ಅವರು ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದರು. ಹಾರವಾಡದ ನಮ್ಮ ಮನೆಯ ಜಗಲಿಯಿಂದ ಬೋಟುಗಳು ಹೊರಡುವುದು ಕಾಣುತ್ತಿತ್ತು. ಅವರು ಅತ್ತ ಬೆನ್ನು ಮಾಡಿ ಕೂರುತ್ತಿದ್ದರು.

ಅಂಕೋಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನನ್ನ ಅಣ್ಣ ಒಂದು ದಿನ ಬಂದು ಹೇಳಿದ. "ಭಾವ, ಕಬಡ್ಡಿ, ವಾಲಿಬಾಲ್ ಆಡೂ ಹುಡುಗ್ರೆಲ್ಲ ನಂಬರಿನ ಅಂಗಿಗೆ ಹುಬ್ಬಳ್ಳಿಗೆ ಓಡ್ತಾರೆ. ಕತ್ತರಿಸಿದ ಅಕ್ಷರ, ನಂಬರು ನಾ ತರಸ್ತೆ. ಹೀಟ್ ಪ್ರೆಸ್ ಅಂತ ಒಂದು ಯಂತ್ರ ಉಂಟು. ಅಂಗಿ ಮೇಲೆ ನಂಬರು ಇಟ್ಟು ಬಿಸಿಯಲ್ಲಿ ಒತ್ತಿದ್ರೆ ಆಯ್ತು."

ಅವರು ಬೇಡ ಅನ್ನಲಿಲ್ಲ. ನಾನು ಅಷ್ಟಕ್ಕೇ ದೇವರಿಗೆ ಕೈ ಮುಗಿದೆ.

ನಾವಿಬ್ಬರೂ ಹೋದ ಕಾರವಾರದ ಅಂಗಡಿಯಲ್ಲಿ ಎರಡು ಬಗೆಯ ಯಂತ್ರ ಇದ್ದವು. ಒಂದು ಬೆಳಚಿನ ಚಿಪ್ಪಿನ ಹಾಗೆ ಬಾಯಿ ತೆರೆಯುವಂಥದು. ಇನ್ನೊಂದರ ಬಿಸಿ ತಟ್ಟೆಯನ್ನು ಎತ್ತಿ ಪೂರ್ತಿ ಪಕ್ಕಕ್ಕೆ ತಿರುಗಿಸಬಹುದಿತ್ತು; ಅದು ಭಾರ, ಜಾಗವೂ ಹೆಚ್ಚು ಬೇಕು.

"ಹೊಸಬರಿಗೆ ಚಿಪ್ಪಿನದೇ ಸಲೀಸು" ಅಂದ ಅಂಗಡಿಯವನು. "ಹಿಡಿಕೆ ಎತ್ತೂದು, ಇಳಸೂದು. ಹೊತ್ತು ಮುಗಿದ್ರೆ ಗಂಟೆ ತಾನೇ ಹೊಡೀತದೆ."

"ಇದೇ ಸಾಕು. ಒಂದು ಕೈಯಲ್ಲಿ ಆಗ್ತದೆ" ಅಂದರು ಇವರು.

ನನ್ನ ಕಣ್ಣು ಆ ಅರೆತೆರೆದ ಬಾಯಿಯ ಮೇಲಿತ್ತು. ಅಂಗಿ ಹಾಸುವಾಗ, ನಂಬರು ನೇರ ಮಾಡುವಾಗ ಕೈ ಅದರೊಳಗೇ ಹೋಗಬೇಕು. ಸ್ವಲ್ಪ ದಿನದ ಹಿಂದಷ್ಟೇ ಇವರು ಬಿಸಿ ಚಹಾದ ಲೋಟಕ್ಕೆ ಬಲಗೈ ಆನಿಸಿಕೊಂಡು ಕೂತಿದ್ದು, ಅಂಗೈಯಲ್ಲಿ ಬೊಕ್ಕೆ ಎದ್ದ ಮೇಲೆ ನಾನು ನೋಡಿ ಹೇಳಬೇಕಾಗಿತ್ತು.

"ಕೈ ಒಳಗೆ ಹಾಕಿದಾಗ ಮೇಲಿನ ತಟ್ಟೆ ತಾಗೂದಿಲ್ವಾ?" ಎಂದು ಕೇಳಿದೆ.

"ತಾಗಿದ್ರೆ ಗೊತ್ತಾಗ್ತದಲ್ಲ ತಾಯಿ. ಕೈ ತಾನೇ ಹಿಂದೆ ಬರ್ತದೆ."

ಇವರು ಕೈಯನ್ನು ಕಿಸೆಯೊಳಗೆ ಸೇರಿಸಿದರು. "ತಿರುಗಿಸೂದಕ್ಕೆ ಎರಡು ಕೈ ಬೇಕು" ಎಂದು ನನ್ನತ್ತ ನೋಡದೆ ಹೇಳಿದರು. "ದಿನಾ ನೀ ಬಂದು ಪಕ್ಕಕ್ಕೆ ನಿಲ್ತ್ಯಾ? ನಾನೆಂತ ನಿನ್ನ ಕೂಸಾ?"

"ನಿಲ್ಲೂಕೆ ನಂಗೆಲ್ಲಿ ಪುರುಸೊತ್ತು? ಒಂದು ಸಲ ಮಾಡಿ ನೋಡಿ."

ಎಡಗೈಯಲ್ಲಿ ಹಿಡಿಕೆ ಎತ್ತಿದರು. ತಟ್ಟೆ ತಿರುಗದೆ ಅಲ್ಲೇ ನಿಂತಿತು. ಅಂಗಡಿಯವನು ಹಿಡಿಯಲು ಮುಂದೆ ಬಂದ. ಇವರ ಮುಖ ನೋಡಿ ಹಿಂದೆ ಸರಿದ. ಆಮೇಲೆ ಇವರು ಈಚೆ ಬದಿಗೆ ಬಂದು, ಗಾಳಿಯಲ್ಲಿ ಚುಕ್ಕಾಣಿ ದೂಡುವವರ ಹಾಗೆ ಕಾಲು ಅಗಲಿಸಿ ನಿಂತು, ಬಲ ಮೊಣಕೈಯಿಂದ ನೂಕಿದರು. ತಟ್ಟೆ ಪಕ್ಕಕ್ಕೆ ಹೋಯಿತು. ಅದನ್ನೇ ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆವು.

ಮಾರನೆಯ ದಿನ ದೇವಸ್ಥಾನದಿಂದ ಹೂವು ತೆಗೆದುಕೊಂಡು ಬರುವಷ್ಟರಲ್ಲಿ ಮನೆ ತುಂಬ ಮೀನೆಣ್ಣೆಯ ವಾಸನೆ. ನಮ್ಮ ಕಡಲಂಚಿನಲ್ಲಿ ಹೊಸ ದೋಣಿ ಬಂದರೆ ಮೊದಲು ಮೀನೆಣ್ಣೆ ಕುಡಿಸುತ್ತಾರೆ. ಉಪ್ಪುಗಾಳಿಗೆ ಮರವೂ ನಿಲ್ಲುವುದಿಲ್ಲ, ಕಬ್ಬಿಣವೂ ನಿಲ್ಲುವುದಿಲ್ಲ. ಇವರು ಎಡಗೈಯಲ್ಲಿ ಚಿಂದಿ ಹಿಡಿದು ಯಂತ್ರಕ್ಕೆಲ್ಲ ಎಣ್ಣೆ ತಿಕ್ಕಿದ್ದರು, ಬಿಸಿ ತಟ್ಟೆಯನ್ನೂ ಬಿಟ್ಟಿರಲಿಲ್ಲ. "ಇನ್ನು ತುಕ್ಕು ಹತ್ತಿರ ಬರೂದಿಲ್ಲ" ಅಂದರು. ಕೈ ಹೋದ ಮೇಲೆ ಅವರ ಮುಖದಲ್ಲಿ ಆ ಕಳೆ ಕಂಡದ್ದು ಅದೇ ಮೊದಲು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹೂವು ಇಟ್ಟು, ಕುಂಕುಮ ಹಚ್ಚಿದೆ.

ಮೊದಲ ಕೆಲಸ ನಮ್ಮೂರಿನ ವಾಲಿಬಾಲ್ ತಂಡದ್ದೇ. ಹೆಚ್ಚಿನವರು ಇವರು ಹೋಗುತ್ತಿದ್ದ ಬೋಟಿನವರು. ಹಿಂದಿನ ವರ್ಷದವರೆಗೆ ಒಂಬತ್ತನೇ ನಂಬರಿನ ಅಂಗಿ ಇವರದಾಗಿತ್ತು. ಈಗ ಅದು ಬೋಟಿನಲ್ಲಿ ಇವರ ಜಾಗಕ್ಕೆ ಬಂದವನ ಪಾಲಿಗೆ ಹೋಗಿತ್ತು. ಅಣ್ಣ ಅಂಗಿ, ನಂಬರುಗಳ ಗಂಟು ಬಿಚ್ಚಿದಾಗ ಇವರು ಒಂಬತ್ತನ್ನೇ ಮೊದಲು ಎತ್ತಿಕೊಂಡರು.

ತಟ್ಟೆ ಕಾದಂತೆ ಹೊಗೆ ಎದ್ದಿತು. ತಾರ್ಲೆ ಮೀನು ಸೀದ ನಾತ. ಗಂಟೆ ಹೊಡೆದು ತಟ್ಟೆ ಸರಿಸಿದರೆ, ಬಿಳಿ ಅಂಗಿಯ ಮೇಲೆ ಒಂಬತ್ತರ ಸುತ್ತ ಕಂದು ಕಲೆ ಹಬ್ಬಿತ್ತು. ಇವರು ಸ್ವಿಚ್ ಆರಿಸಿ ಜಗಲಿಗೆ ಹೋಗಿ ಕೂತರು. "ಕಡಲಿಗೂ ಆಗಲಿಲ್ಲ, ಮನೆಗೂ ಆಗಲಿಲ್ಲ" ಅಂದರು. ಬೆಂಕಿ ಹತ್ತಲಿಲ್ಲ, ಕೈ ಸುಡಲಿಲ್ಲ ಎಂದು ನಾನು ಒಳಗೆ ದೇವರ ಮುಂದೆ ನಿಂತುಕೊಂಡೆ. ಅದಕ್ಕಿಂತ ಹೆಚ್ಚು ಕೇಳಲು ಏನೂ ತೋಚಲಿಲ್ಲ.

ಸಂಜೆ ಬೋಟಿನ ಆ ಹೊಸಬನೇ ಬಂದ. ಅಂಗಿ ಎತ್ತಿ ಮೂಸಿ ನೋಡಿದ.

"ಏನ್ ದಾದಾ, ನನ್ನ ಅಂಗಿ ನನ್ಕಿಂತ ಮೊದ್ಲೇ ಬೋಟಿಗೆ ಹೋಗಿ ಬಂತಾ?"

ಇವರು ನಗಲಿಲ್ಲ. "ಹುಬ್ಬಳ್ಳಿಯಿಂದ ತರಸ್ಕೊಳ್ಳಿ."

"ಹುಬ್ಬಳ್ಳಿಯವ್ರು ನಂಬರು ಕುತ್ತಿಗೆಗೆ ತಾಗಸ್ತಾರೆ. ನೀವು ಒತ್ತಿದ್ದು ಚೂರು ಕೆಳಗೆ ಉಂಟು. ನಂಗೆ ಹೀಗೇ ಬೇಕು." ಹೇಳುತ್ತಲೇ ಮೈಮೇಲಿನ ಅಂಗಿ ಕಳಚಿ ಆ ಕಲೆಯದನ್ನು ತೊಟ್ಟುಕೊಂಡ. "ವೈನಿ, ಹೇಗೆ ಕಾಣ್ತೆ?" ಎಂದು ನನ್ನತ್ತ ತಿರುಗಿದ.

"ಮೀನು ಮಾರೂಕೆ ಹೊರಟವ್ರ ಹಾಗೆ" ಅಂದೆ.

ಇವರು ಬಹಳ ಹೊತ್ತು ಅವನ ಬೆನ್ನನ್ನೇ ನೋಡಿದರು. ಆಮೇಲೆ, "ತೆಗಿ ಅದನ್ನ. ಆ ನಾತ ಹೊತ್ಕೊಂಡು ಆಡಬೇಡ. ಬೇರೆ ಒತ್ತಿಕೊಡ್ತೆ" ಅಂದರು. ಅವನು ಹೋದ ಮೇಲೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ತಣ್ಣಗಾದ ತಟ್ಟೆಯನ್ನು ತಿಕ್ಕಿದರು, ಒರೆಸಿದರು, ಮತ್ತೆ ತಿಕ್ಕಿದರು. ನಾನು ಹತ್ತಿರ ಹೋಗಲಿಲ್ಲ.

ಅಂಗಿಗಳೆಲ್ಲ ಸರಿಯಾಗಿಯೇ ಆದವು. ಪಂದ್ಯದ ದಿನ ಮನೆಯವರೆಗೆ ಸೀಟಿ, ಕೂಗು ಕೇಳುತ್ತಿತ್ತು. ಇವರು ನೋಡಲು ಹೋಗಲಿಲ್ಲ. ಆಮೇಲೂ ಯಾವ ಪಂದ್ಯಕ್ಕೂ ಹೋದವರಲ್ಲ. ಆ ದಿನ ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಕಾಲಿಗೆ ಮಾತ್ರ ಮೀನೆಣ್ಣೆ ಹಚ್ಚುತ್ತಿದ್ದರು. ಕೂಗು ಜೋರಾದಾಗ ಚಿಂದಿ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

"ಬಲಗೈ ತೋರಿಸಿ" ಅಂದೆ.

ಬೇಸರದಿಂದಲೇ ಚಾಚಿದರು. ಅಂಗೈ ತಿರುಗಿಸಿ ಬೆಳಕಿಗೆ ಹಿಡಿದೆ. ಹೊಸ ಬೊಕ್ಕೆ ಇರಲಿಲ್ಲ. ಹಿತ್ತಿಲಲ್ಲಿ ಬುಟ್ಟಿ ಮುಚ್ಚಿಟ್ಟು ಬಂದಿದ್ದೆ, ಕಾಗೆ ಕೂಗತೊಡಗಿತ್ತು. ಹೋಗಿ ಕಲ್ಲಿನ ಮೇಲೆ ಕೂತು ಉಳಿದ ಶೆಟ್ಲಿ ಸುಲಿಯತೊಡಗಿದೆ.