ಹುಳುವನ್ನು ಬಲ್ಲವಳು ಮೈಯನ್ನು ಅರಿತ ಬಗೆ

ದಿಬ್ಬೂರಹಳ್ಳಿಯ ಆಸುಪಾಸಿನಲ್ಲಿ ರೇಷ್ಮೆಹುಳು ಹಣ್ಣಾಯಿತೋ ಇಲ್ಲವೋ ಎಂಬ ಸಂಶಯ ಯಾರ ಮನೆಯಲ್ಲಿ ತಲೆದೋರಿದರೂ ಮೊದಲು ಏಳುತ್ತಿದ್ದ ಮಾತು ಒಂದೇ: "ಚಲಪತಿ ಹೆಂಡ್ತೀನ ಕರ್ಕೊಂಡು ಬಾ." ಶೈಲಜೆ ಬರುವಳು, ತಟ್ಟೆಯಿಂದ ಒಂದು ಹುಳುವನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿಯುವಳು. ಸೊಪ್ಪಿನ ಹಸಿರೆಲ್ಲ ಕರಗಿ, ಕೊರಳ ಬಳಿ ತುಪ್ಪದ ಹೊಳಪು ಮೂಡಿ, ಮೇವನ್ನು ಮರೆತು ತಲೆಯೆತ್ತಿ ಏನನ್ನೋ ಅರಸುವ ಹುಳು ಆಕೆಯ ಅಂಗೈಯಲ್ಲಿ ಹೊರಳಿತೆಂದರೆ, "ಹತ್ತಿಸಿ" ಎನ್ನುವಳು. ಆ ಒಂದು ನುಡಿಗೆ ಬಿದಿರಿನ ಚಂದ್ರಿಕೆಗಳೆಲ್ಲ ಅಂಗಳಕ್ಕಿಳಿಯುವುವು. ಹುಳು ಅವುಗಳ ಸುರುಳಿಗಳನ್ನೇರಿ ಗೂಡು ಕಟ್ಟತೊಡಗುವುದು. ಹೊತ್ತಿಗೆ ಮುಂಚೆ ಹತ್ತಿಸಿದರೆ ಗೂಡು ತೆಳು; ಹೊತ್ತು ಮೀರಿದರೆ ನೂಲೆಲ್ಲ ತಟ್ಟೆಯ ಪಾಲು. ಆ ಹೊತ್ತನ್ನು ಹಿಡಿಯುವ ಕಣ್ಣನ್ನು ಭಗವಂತನು ಆಕೆಗೆ ಕರುಣಿಸಿದ್ದನು.

ತನ್ನ ಮೈಯ ವಿಷಯದಲ್ಲಿ ಮಾತ್ರ ಆಕೆಗೆ ಎಳ್ಳಷ್ಟೂ ನಂಬುಗೆಯಿರಲಿಲ್ಲ. ಮದುವೆಯಾಗಿ ನಾಲ್ಕನೆಯ ಯುಗಾದಿ ಕಳೆದಿತ್ತು. ತೊಟ್ಟಿಲಿನ ಮಾತನ್ನು ಮನೆಯವರು ಎತ್ತುತ್ತಿರಲಿಲ್ಲ. ಎತ್ತದಿರುವುದೇ ಆಕೆಯನ್ನು ಹೆಚ್ಚು ಚುಚ್ಚುತ್ತಿತ್ತು. ಕೈಯಲ್ಲಿದ್ದ ಫೋನಿನ ಆ್ಯಪೊಂದು ತಿಂಗಳಿಗೊಮ್ಮೆ ಗುಲಾಬಿ ಬಣ್ಣದ ಹೂವನ್ನು ಅರಳಿಸಿ "ಇದೇ ದಿನ" ಎಂದು ಸಾರುತ್ತಿತ್ತು. ಗಂಡಹೆಂಡಿರು ಅದನ್ನು ಪಂಚಾಂಗದಂತೆ ನಂಬಿ ನಡೆದಿದ್ದರು. ಹೂವು ಅರಳಿತು, ಬಾಡಿತು; ಕಾಯಿ ಮಾತ್ರ ಕಟ್ಟಲಿಲ್ಲ. ತನ್ನ ಮೈಗೆ ತನ್ನ ಕೆಲಸವೇ ತಿಳಿಯದೆಂದು ಶೈಲಜೆ ಒಳಗೊಳಗೆ ತೀರ್ಮಾನಿಸಿಬಿಟ್ಟಿದ್ದಳು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಡಾಕ್ಟರ್ ಪವಿತ್ರ ಇಬ್ಬರ ರಿಪೋರ್ಟುಗಳನ್ನೂ ನೋಡಿ ಕೆಳಗಿಟ್ಟರು.

"ಇಬ್ಬರದ್ದೂ ಚೆನ್ನಾಗೇ ಇದೆಯಲ್ಲಮ್ಮ."

"ಹಂಗಾದ್ರೆ ಯಾಕೆ ಮೇಡಮ್ ಬಸಿರು ನಿಲ್ತಿಲ್ಲ?"

"ದಿನ ಯಾವುದು ಅಂತ ಹೆಂಗೆ ಗೊತ್ತು ಮಾಡ್ಕೋತೀರ?"

ಶೈಲಜೆ ಫೋನನ್ನು ಮುಂದೆ ಹಿಡಿದಳು. ಡಾಕ್ಟರು ಹೂವನ್ನು ನೋಡಿ ನಕ್ಕರು. "ಇದಕ್ಕೆ ನಿಮ್ಮ ಹೊಟ್ಟೆಯೊಳಗೆ ಕಾಣುತ್ತೇನಮ್ಮ? ನಿಮ್ಮ ಮುಟ್ಟು ಒಂದು ತಿಂಗಳು ತಡ, ಇನ್ನೊಂದು ತಿಂಗಳು ಇನ್ನೂ ತಡ. ಹೂವು ಮಾತ್ರ ನಡುವಲ್ಲೇ ಅರಳುತ್ತೆ. ಮಧ್ಯದಲ್ಲಿ ತಿಳಿಯಾಗಿ, ಜಾರೋ ಹಾಗೆ ಬಿಳುಪು ಹೋಗುತ್ತಾ?"

ಶೈಲಜೆ ನಾಚಿ ತಲೆ ತಗ್ಗಿಸಿದಳು. "ಹೋಗುತ್ತೆ ಮೇಡಮ್. ಉಷ್ಣ ಅಂತ ಮೆಂತ್ಯ ನೆನೆಸಿ ಮಜ್ಜಿಗೇಲಿ ಕುಡೀತೀನಿ. ಮೈ ಸರಿಯಿಲ್ಲ ಅಂತ ಆವಾಗ ಬೇರೆ ಮಲಗ್ತೀನಿ."

"ಅಯ್ಯೋ ಶಿವನೇ!" ಡಾಕ್ಟರು ಮೇಜನ್ನು ತಟ್ಟಿದರು. "ಮೈ ಬಾಗಿಲು ತೆಗೆದಾಗಲೆಲ್ಲ ನೀವೇ ಹೋಗಿ ಚಿಲಕ ಹಾಕಿದ್ದೀರಲ್ರೀ!"

ಬಳಿಕ ಅವರು ಬಿಡಿಸಿ ಹೇಳಿದರು. ಮುಟ್ಟು ನಿಂತ ಮೇಲೆ ಮೊದಲು ಒಣಗಿರುವುದು, ಆಮೇಲೆ ಅಂಟಂಟು, ಆಮೇಲೊಂದು ದಿನ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ, ಬೆರಳ ನಡುವೆ ಎಳೆದರೆ ಎಳೆಯಾಗುವುದು. ಫಲದ ಹೊತ್ತು ಬಂದಿತೆಂದು ಅದು ಸೂಚಿಸುವುದು. ಅಂಡವು ಹೊರಟ ಮೇಲೆ ಮೈಯ ಶಾಖ ಒಂದಿಷ್ಟೇ ಏರಿ ಮುಂದಿನ ಮುಟ್ಟಿನವರೆಗೆ ಹಾಗೆಯೇ ನಿಲ್ಲುವುದು. ಮುಂಜಾನೆ ಹಾಸಿಗೆ ಬಿಡುವ ಮೊದಲೇ ನಾಲಗೆಯಡಿಯಲ್ಲಿ ಥರ್ಮಾಮೀಟರ್ ಇಟ್ಟರೆ ತಿಳಿಯುವುದು. "ಒಂದು ಬರೋದನ್ನ ಹೇಳುತ್ತೆ, ಇನ್ನೊಂದು ಆಗಿದ್ದನ್ನ ಹೇಳುತ್ತೆ. ದುರ್ವಾಸನೆ, ತುರಿಕೆ ಇದ್ರೆ ಮಾತ್ರ ರೋಗ, ಆಗ ಬನ್ನಿ. ಮೊದಲು ಬರೀ ನೋಡೋದನ್ನ ಕಲೀರಿ. ಅವಸರ ಬೇಡ."

ಮೊದಲ ತಿಂಗಳು ಶೈಲಜೆ ಬರಿದೆ ನೋಡಿದಳು. ಫೋನಿನ ಹೂವು ಎಂದಿನಂತೆ ಅರಳಿತು. ಮೈ ಮಾತ್ರ ಒಣಗಿಯೇ ಇತ್ತು. ಹೂವು ಬಾಡಿತು; ಆಗಲೂ ಏನಿಲ್ಲ. ಕಡೆಗೂ ಇದು ಬಂಜರೇ ಎಂದು ಆಕೆ ಕೈಬಿಡಲಿದ್ದ ಒಂದು ಬೆಳಗ್ಗೆ ಬಚ್ಚಲಿನಲ್ಲಿ ಬೆರಳುಗಳ ನಡುವೆ ಎಳೆಯೊಂದು ತುಂಡಾಗದೆ ನಿಂತಿತು. ಹಣ್ಣಾದ ಹುಳು ತಲೆಯಾಡಿಸುತ್ತ ಮೊದಲ ನೂಲನ್ನು ಚೆಲ್ಲುವಾಗ ಕಾಣುವ ಅದೇ ತಿಳಿ, ಅದೇ ಹೊಳಪು! "ಹಣ್ಣಾಗೈತೆ!" ಎಂದು ಆಕೆ ಕೂಗಿಯೇಬಿಟ್ಟಳು.

ಸೊಪ್ಪು ಕತ್ತರಿಸುತ್ತಿದ್ದ ಅತ್ತೆ ಸುಬ್ಬಲಕ್ಷ್ಮಮ್ಮ ಹೊರಗಿನಿಂದ ಕೂಗಿದರು: "ಏನಮ್ಮಾ ಅದು? ಹುಳ ನಿನ್ನೆ ತಾನೆ ಪೊರೆ ಬಿಟ್ಟು ದೊಡ್ಡ ಜ್ವರ ಎದ್ದೈತೆ, ಇಷ್ಟು ಬೇಗ ಹಣ್ಣಾಗೋದೆಲ್ಲಿ?"

"ಏನೂ ಇಲ್ಲ ಅತ್ತೆ!" ಎಂದು ಶೈಲಜೆ ಬಾಯಿಗೆ ಸೆರಗೊತ್ತಿಕೊಂಡು ನಕ್ಕಳು. ಕೆಲವು ಬೆಳಗುಗಳು ಕಳೆದವು. ಥರ್ಮಾಮೀಟರಿನ ಅಂಕಿ ಡಾಕ್ಟರು ಹೇಳಿದಂತೆಯೇ ಏರಿತು, ಏರಿದಲ್ಲಿಯೇ ನಿಂತಿತು. ತನ್ನ ಮೈ ಕೆಲಸ ಬಲ್ಲದು! ತಿಂಗಳು ತಿಂಗಳೂ ತಪ್ಪದೆ ಮಾಡಿಕೊಂಡು ಬಂದಿದೆ! ಕೇಳುವವರಿಲ್ಲದೆ ಗರ್ಭಗುಡಿಯಲ್ಲಿ ಒಂದೇ ಸಮನೆ ಉರಿಯುತ್ತಿದ್ದ ನಂದಾದೀಪವನ್ನು ಇದ್ದಕ್ಕಿದ್ದಂತೆ ಕಂಡವಳ ಹಾಗೆ ಆಕೆಯ ಕಣ್ಣು ತುಂಬಿ ಬಂದಿತು.

ಆದರೆ ಇನ್ನೊಂದು ತೊಡಕಿತ್ತು. ಆ ಮನೆಯಲ್ಲಿ ಹುಳುವೆಂದರೆ ಲಕ್ಷ್ಮಿ. ನಾಲ್ಕನೆಯ ಸಲ ಪೊರೆ ಬಿಡುವುದನ್ನು ದೊಡ್ಡ ಜ್ವರವೆನ್ನುವರು. ಹುಳು ಅದರಿಂದೆದ್ದು ಕಡೆಯ ಹುಳುವೂ ಚಂದ್ರಿಕೆ ಏರುವವರೆಗೆ, ಸೊಪ್ಪು ಹಾಕುವವನು ಮಡಿಯಲ್ಲಿರಬೇಕು. ಚಲಪತಿ ಅಷ್ಟು ದಿನವೂ ಹುಳುವಿನ ಮನೆಯಲ್ಲೇ ಚಾಪೆ ಹಾಸಿ ಮಲಗುವನು. ಹೆಂಡತಿಯ ಕೋಣೆಯತ್ತ ಸುಳಿಯನು. ಮುಟ್ಟಾದ ಹೆಂಗಸು ಹುಳುವಿನ ಮನೆಯ ಹೊಸ್ತಿಲು ದಾಟಳು. ಒಂದು ಬೆಳೆ ಮುಗಿದೊಡನೆ ಇನ್ನೊಂದು. ಹೀಗೆ ಒಮ್ಮೆ ಹೂವಿನ ಸುಳ್ಳು, ಒಮ್ಮೆ ಉಷ್ಣದ ಭಯ, ಒಮ್ಮೆ ಹುಳುವಿನ ಮಡಿ. ಇವುಗಳ ನಡುವೆ ನಿಜವಾದ ಹೊತ್ತು ಯಾರ ಕೈಗೂ ಸಿಕ್ಕದೆ ಜಾರಿಹೋಗಿತ್ತು.

ಮುಂದಿನ ಸಲ ಮೈ ನುಡಿದಾಗಲೂ ಹುಳು ದೊಡ್ಡ ಜ್ವರದಿಂದೆದ್ದು ಕಡೆಯ ದೊಡ್ಡ ಮೇವಿನಲ್ಲಿತ್ತು. ಮನೆಯೆಲ್ಲ ಮಳೆ ಹೊಯ್ಯುವ ಸದ್ದು. ಸಾವಿರಾರು ಬಾಯಿಗಳು ಸೊಪ್ಪು ಮೇಯುವ ಸದ್ದದು. ಶೈಲಜೆ ಬಾಗಿಲ ಬಳಿ ನಿಂತು ಗಂಡನನ್ನು ಕೂಗಿದಳು.

"ರೀ, ಸ್ವಲ್ಪ ಇಲ್ಲಿ ಬನ್ನಿ. ಹೊತ್ತು ಬಂದಿದೆ."

"ಯಾವ ಹೊತ್ತು? ಊಟಕ್ಕಾ?"

"ಊಟಕ್ಕಲ್ಲ ಮಾರಾಯ್ರೇ! ನನ್ನ ಹೊತ್ತು."

ಚಲಪತಿಯ ಕೈಯಿಂದ ಸೊಪ್ಪಿನ ಕಟ್ಟು ಜಾರಿತು. "ಅಲ್ಲ ಶೈಲೂ, ಹೂವು ಹೋಗಿ ಬಾಳ ದಿನ ಆಯ್ತಲ್ಲ?"

"ಆ ಹೂವನ್ನ ದೇವರಿಗೆ ಮುಡಿಸಿ. ನಾನು ಹೇಳ್ತಾ ಇದ್ದೀನಿ, ಇವತ್ತು ನಾಳೆ."

"ಮಡಿ ಇದೆ ಕಣೇ. ಬೆಳೆ ಕೆಟ್ರೆ ಅಮ್ಮ ನನ್ನನ್ನೇ ಚಂದ್ರಿಕೆಗೆ ಹತ್ತಿಸ್ತಾಳೆ. ನಾನಂತೂ ಕೇಳಲಾರೆ."

"ನಾನೇ ಕೇಳ್ತೀನಿ."

ಹೇಳಿದ್ದು ಸುಲಭ. ಹಿತ್ತಿಲಲ್ಲಿ ತುಳಸಿಗೆ ನೀರೆರೆಯುತ್ತಿದ್ದ ಅತ್ತೆಯ ಮುಂದೆ ನಿಂತು ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಈ ಹೊತ್ತು ಕಳೆದರೆ ಮುಂದಿನದು ಬರುವ ವೇಳೆಗೆ ಇನ್ನೊಂದು ಬೆಳೆ ಎದುರಾಗುವುದು. ಮತ್ತೆ ಬಾಯಿ ಮುಚ್ಚಿಕೊಂಡರೆ, ಮೈಯನ್ನು ನಂಬಿದ್ದೂ ನಂಬದಂತೆಯೇ. ಎಲ್ಲವನ್ನೂ ಹೇಳಿದಳು.

ಸುಬ್ಬಲಕ್ಷ್ಮಮ್ಮ ಚೊಂಬನ್ನು ಕೆಳಗಿಟ್ಟರು. "ಯಾರು ಹೇಳಿದ್ರು ಇವತ್ತೇ ಅಂತ? ಡಾಕ್ಟರಮ್ಮನಾ? ಫೋನಾ?"

"ಯಾರೂ ಅಲ್ಲ ಅತ್ತೆ. ನನ್ನ ಮೈಯೇ ಹೇಳ್ತು."

ಅತ್ತೆ ಸೊಸೆಯ ಮುಖವನ್ನು ದಿಟ್ಟಿಸಿದರು. ಹೋದ ಮಾಗಿಯಲ್ಲಿ ಊರೆಲ್ಲ ಹುಳು ಹತ್ತಿಸಿದಾಗ, "ಇನ್ನೂ ಹಣ್ಣಾಗಿಲ್ಲ ಅತ್ತೆ, ತಡೀರಿ" ಎಂದು ಇದೇ ಮುಖ ಇದೇ ದನಿಯಲ್ಲಿ ಹೇಳಿತ್ತು. ತಡೆದಿದ್ದರು. ಗೂಡು ಗಟ್ಟಿಯಾಗಿ ಬಂದಿತ್ತು.

ಅವರು ಒಳನಡೆದರು. ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಕಣ್ಮುಚ್ಚಿ ನಿಂತು ಏನನ್ನೋ ಬಿನ್ನವಿಸಿಕೊಂಡರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೇರ ಹುಳುವಿನ ಮನೆಗೆ ಹೋಗಿ, ಮಗನ ಚಾಪೆಯನ್ನು ಸುತ್ತಿ ಹೊರಗೆಸೆದರು.

"ಏಳಪ್ಪ ಚಲಪತಿ, ನಡಿ ಆಚೆಗೆ."

"ಯಾಕಮ್ಮ? ಮಡಿ…"

"ಹುಳಕ್ಕೆ ಮಡಿ ಬೇಕು, ನಿನ್ನ ಮಡೀನೇ ಆಗಬೇಕು ಅಂತ ಅದೇನು ಹಟ ಹಿಡಿದೈತಾ? ಈ ಬೆಳೆ ಮುಗಿಯೋವರೆಗೂ ವ್ರತ ನಂದು. ಮೇವು ನಾನು ಹಾಕ್ತೀನಿ. ನೀನು ಇತ್ತ ಕಾಲಿಡಬೇಡ."

"ಒಬ್ಬಳೇ ಹೆಂಗಮ್ಮ ಇಷ್ಟೊಂದು ಸೊಪ್ಪು…"

"ದೇವುಡಾ! ಇವನಿಗೆ ಸೊಪ್ಪಿನ ಚಿಂತೆ! ಹೋಗೋ, ಹೆಂಡ್ತಿ ಕರೀತಾವ್ಳೆ!"

ಚಲಪತಿ ಕಿವಿಯವರೆಗೂ ಕೆಂಪಾಗಿ ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಳ ದಾಟಿದನು. ಬಾಗಿಲ ಮರೆಯಲ್ಲಿ ನಿಂತಿದ್ದ ಶೈಲಜೆಗೆ ನಗುವನ್ನೂ ಅಳುವನ್ನೂ ಒಟ್ಟಿಗೆ ತಡೆಯಲಾಗಲಿಲ್ಲ.

ಮೈಯ ಶಾಖ ಏರಿತು. ಹುಳು ಹಣ್ಣಾಯಿತು, ಅತ್ತೆ ಬಾಗಿಲಿಗೆ ತಂದು ತೋರಿಸಿದ್ದನ್ನು ಶೈಲಜೆಯೇ ನೋಡಿ "ಹತ್ತಿಸಿ" ಎಂದಳು. ಮುತ್ತಿನಂಥ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ತೊಳೆದು ಸುಣ್ಣ ಬಳಿದ ಹುಳುವಿನ ಮನೆ ಹೊಸ ಬೆಳೆಗೆ ಕಾಯತೊಡಗಿತು. ಇಷ್ಟೆಲ್ಲ ಆದರೂ ಥರ್ಮಾಮೀಟರಿನ ಅಂಕಿ ಮಾತ್ರ ಇಳಿಯಲಿಲ್ಲ. ಎಂದಿನಂತೆ ಇಳಿಯಬೇಕಾದ ಹೊತ್ತು ಮೀರಿತು, ಮುಟ್ಟಿನ ಸುಳಿವಿಲ್ಲ. ಪ್ರತಿ ಮುಂಜಾನೆಯೂ ಆಕೆ ಅಂಕಿಯನ್ನು ನೋಡುವಳು, ಕಣ್ಣಿಗೊತ್ತಿಕೊಂಡು ಕೆಳಗಿಡುವಳು. ಒಂದು ಬೆಳಗ್ಗೆ ಫೋನು ಸದ್ದು ಮಾಡಿತು: ಗುಲಾಬಿ ಹೂವು ಮತ್ತೆ ಅರಳಿ "ಇದೇ ದಿನ" ಎನ್ನುತ್ತಿತ್ತು. ಶೈಲಜೆ ಬಿದ್ದು ಬಿದ್ದು ನಕ್ಕಳು.

"ಮೆಡಿಕಲ್‌ಗೆ ಹೋಗಿ ಟೆಸ್ಟ್ ಕಿಟ್ ತರ್ಲೇನೇ?" ಚಲಪತಿ ಬೈಕಿನ ಕೀಲಿಯನ್ನು ಹಿಡಿದು ಕುಣಿಯುತ್ತಿದ್ದನು.

"ನಾಳೆ ಡಾಕ್ಟರ ಹತ್ರಾನೇ ಹೋಗಣ. ಅವರು ನೋಡಿ ಹೇಳ್ಲಿ. ನನಗಂತೂ ಗೊತ್ತಾಗಿದೆ."

ಅಂದೇ ಹೊಸ ಚಾಕಿ ಹುಳು, ಸಾಸಿವೆ ಕಾಳಿಗಿಂತ ತುಸುವೇ ದೊಡ್ಡದಾದ ಎಳೆಯ ಜೀವಗಳು, ಮನೆಗೆ ಬಂದವು. ಸುಬ್ಬಲಕ್ಷ್ಮಮ್ಮ ಎಳೆಸೊಪ್ಪಿನ ಮಂಕರಿಯನ್ನು ಸೊಸೆಯ ತಲೆಗೇರಿಸಲು ಎತ್ತಿದವರು, ವಾಡಿಕೆಯಂತೆ ಕೇಳಿದರು: "ಈ ಸಲ ನೀನು ಹೊರಗೆ ಕೂರೋದು ಯಾವಾಗಮ್ಮ? ಆ ದಿನಕ್ಕೆ ಆಳು ಹೇಳಬೇಕು."

"ಆಳು ಬೇಡ ಅತ್ತೆ," ಎಂದಳು ಶೈಲಜೆ. "ಈ ಬೆಳೆಗೆ ನಾನು ಹೊರಗೆ ಕೂರಲ್ಲ."

ಯಾರು ಹೇಳಿದರೆಂದು ಸುಬ್ಬಲಕ್ಷ್ಮಮ್ಮ ಈ ಸಲ ಕೇಳಲಿಲ್ಲ. ಎತ್ತಿದ ಮಂಕರಿಯನ್ನು ತಮ್ಮ ತಲೆಯ ಮೇಲೆಯೇ ಇಟ್ಟುಕೊಂಡು, ಓಡುವಷ್ಟು ವೇಗದಲ್ಲಿ ದೇವರ ಮನೆಯ ಕಡೆಗೆ ನಡೆದರು.