ಪರದೆಯ ಹಿಂದಿನ ಅರಿಷಿಣದ ಹಾಡು

ಸಾಲಿಯಲ್ಲಿ ಮಕ್ಕಳಿಗೆ ಬೈದು ಬೈದು ರೂಢಿಯಾದವಳು ನಾನು. ನಿವೃತ್ತಿಯಾದ ಮೇಲೆ ಬೈಯಲು ಯಾರೂ ಸಿಗದೆ ಗಂಡನ ತಲೆ ತಿನ್ನುತ್ತಿದ್ದೆ. ಅಷ್ಟರಲ್ಲಿ ಸ್ಟೇಶನ್ ಬಜಾರದ ಹಿಂದಿನ ನಮ್ಮ ಓಣಿಯಲ್ಲಿ ಒಂದು ಬೇಳೆ ಗೋದಾಮು ಖಾಲಿಯಾಯಿತು. ಮಾಲಕರು ಕೆಲಸವನ್ನೆಲ್ಲ ಊರ ಹೊರಗಿನ ನಂದೂರಕ್ಕೆ ಒಯ್ದಿದ್ದರು. ಓಣಿಯವರು ಹೋಗಿ ಕೇಳಿದ್ದಕ್ಕೆ, ಹಾಡು ಭಜನೆಗೆ ಆದರೆ ಆಗಲಿ ಎಂದು ಬೀಗದಕೈ ಕೊಟ್ಟರು. ಒಬ್ಬರು ಜಮಖಾನ ತಂದರು, ಒಬ್ಬರು ಹಿಂಬದಿಗೆ ಪರದೆ ಕಟ್ಟಿ ನೀರಿನ ಕೊಡ ಇಟ್ಟರು, ಒಬ್ಬರು ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಾರ್ಮೋನಿಯಂ ತಂದರು. ಮೈಕು ಮಾತ್ರ ಎಲ್ಲರೂ ಸೇರಿ ಕೊಂಡದ್ದು. ವ್ಯವಸ್ಥೆ ನೋಡಿಕೊಳ್ಳುವ ಕೆಲಸ, ಅಂದರೆ ಬೈಯುವ ಕೆಲಸ, ನನಗೆ ಬಂತು.

ಐತವಾರ ಸಂಜೆ ಅಲ್ಲಿ ಯಾರು ಬೇಕಾದರೂ ಬಂದು ಹಾಡಬಹುದು. ಟಿಕೀಟಿಲ್ಲ, ಬಹುಮಾನವಿಲ್ಲ. ಆಟೋದವರು ಹಳೆಯ ಸಿನೆಮಾ ಹಾಡು ಹಾಡುತ್ತಾರೆ, ಬ್ಯಾಂಕಿನವರು ವಚನ ಹಾಡುತ್ತಾರೆ, ನಡುವೆ ರೈಲು ಕೂಗಿದರೆ ಎಲ್ಲರೂ ಹಾಡು ನಿಲ್ಲಿಸಿ ಕಾಯುತ್ತಾರೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದವಳು ನಾನೇ: 'ಯಾರರೆ ಬರ್ರಿ, ಏನರೆ ಹಾಡ್ರಿ.' ಆ ಬರಹದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ನಮ್ಮಕ್ಕ ಕಮಲಾಪುರದಲ್ಲಿರುತ್ತಾಳೆ. ನಮ್ಮ ಮನೆತನದ ಮದುವೆಯ ಹಾಡುಗಳೆಲ್ಲ ಇರುವುದು ಅವಳ ಬಾಯಿಯಲ್ಲಿ. ಅರಿಷಿಣ ಹಚ್ಚುವ ಹಾಡೊಂದಿದೆ, ಅದನ್ನು ಅವಳು ಎತ್ತಿದರೆ ಮದುಮಗಳ ಅವ್ವ ಅಳದೆ ಇರುವುದಿಲ್ಲ. ಆದರೆ ಸಣ್ಣ ವಯಸ್ಸಿನಲ್ಲೇ ಅವಳ ಗಂಡ ತೀರಿಕೊಂಡ. ಅಂದಿನಿಂದ ಮದುವೆಯ ಹಂದರದ ಕೆಳಗೆ ಅವಳು ಬಾಯಿ ತೆರೆಯುವಂತಿಲ್ಲ. ಹಾಗಂತ ಹಾಡು ಬಿಡುವಂತೆಯೂ ಇಲ್ಲವಲ್ಲ. ಮುತ್ತೈದೆಯರಿಗೆ ಎರಡು ನುಡಿಯ ಮೇಲೆ ಬರುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಉಪಾಯ ಮಾಡಿಕೊಂಡರು. ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಒಂದೊಂದೇ ನುಡಿ ಹೇಳಿಕೊಡುವುದು, ಹೊರಗಿನವರು ಅದನ್ನು ಎತ್ತಿಕೊಂಡು ಹಾಡುವುದು. ನನ್ನ ಮಗಳ ಮದುವೆಯಲ್ಲೂ ಹಾಗೇ ನಡೆಯಿತು. ಮುಂದೆ ಕುಂಕುಮ ಇಟ್ಟುಕೊಂಡು ಹಾಡಿದವಳು ನಾನು, ಹಿಂದೆ ಬಾಗಿಲ ಸಂದಿಯಿಂದ ಹೇಳಿಕೊಟ್ಟವಳು ಅವಳು.

ಈ ವರ್ಷ ನಾನೇ ಅವಳಿಗೆ ಗಂಟುಬಿದ್ದೆ. "ಅಕ್ಕಾ, ನಮ್ಮ ಗೋದಾಮಿನ್ಯಾಗ ಹಂಗೇನಿಲ್ಲ. ಮೈಕಿನ ಮುಂದ ನಿಂತು ಹಾಡು."

"ಅರಿಷಿಣದ್ದು ಹಾಡ್ಲೇನ?" ಎಂದು ಮೆಲ್ಲಗೆ ಕೇಳಿದಳು.

"ಅದನ್ನ ಹಾಡು" ಅಂದೆ.

ಆಮೇಲೆ ದಿನಾ ಫೋನು. ಯಾವ ಸೀರೆ ಉಡಲಿ, ಮೈಕು ಬಾಯಿಗೆ ಎಷ್ಟು ಹತ್ತಿರ ಇರಬೇಕು, ಕೆಮ್ಮು ಬಂದರೆ ಏನು ಮಾಡಲಿ. ಐತವಾರ ಮಧ್ಯಾಹ್ನವೇ ಬಸ್ಸಿಗೆ ಬಂದಿಳಿದಳು. ಚೀಲದಲ್ಲಿ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು, ಮೈಮೇಲೆ ಅಂದೇ ಮಡಿಕೆ ಮುರಿದ ಹೊಸ ನೂಲಿನ ಸೀರೆ. ಗೋಡೆಯ ಬರಹವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, "ಚೊಲೊ ಬರದೀಯವ್ವ" ಅಂದಳು.

ಅದೇ ದಿನ ಬರಬೇಕೇ ಅವರು! ಎದುರುಮನೆಯಾಕೆ ತನ್ನ ಹೊಸ ಸೊಸೆಯನ್ನೂ ಮಗನನ್ನೂ ಕರೆದುಕೊಂಡು ಬಂದಳು. ಇಬ್ಬರ ಕೈಯ ಕಂಕಣ ಇನ್ನೂ ಬಿಚ್ಚಿರಲಿಲ್ಲ. ಅಕ್ಕ ಏನು ಹಾಡುತ್ತಾಳೆಂದು ಗೊತ್ತಾದ ಕೂಡಲೇ ಆಕೆ ನನ್ನನ್ನು ಬದಿಗೆ ಕರೆದಳು.

"ಟೀಚರ್ರ, ನಾ ಏನೂ ಇಂಥಾದ್ದೆಲ್ಲ ನಂಬಂಗಿಲ್ರಿ. ಖರೇ ಹೊಸಾ ಮದಿಮಕ್ಕಳು ಮುಂದ ಕುಂತಾವ. ನಾಳೆ ಒಂದು ಹೋಗಿ ಒಂದಾದ್ರ ಮಂದಿ ನನಗ ಅಂತಾರ. ಬೇಕಾದ್ರ ಆ ಹಾಡು ನಾನ ಹಾಡ್ತೀನ್ರಿ, ಎರಡು ನುಡಿ ಬರ್ತಾವ ನನಗ."

ನಾನು ಗೋಡೆಯ ಕಡೆಗೆ ಬೊಟ್ಟು ಮಾಡಬಹುದಿತ್ತು. ಬಾಯಿ ಇರಲಿಲ್ಲವೇ ನನಗೆ? ಚಪ್ಪಲಿ ಸಾಲಾಗಿ ಬಿಡದವರಿಗೂ ಬೈಯುವ ಬಾಯಿ ಅದು. ಆದರೆ ಆ ಹುಡುಗಿಯ ಕಂಕಣ ನೋಡಿ ನನಗೂ ಒಂದು ಅಂಜಿಕೆ ಬಂತು. ಇದು ನಿಜ, ಇದನ್ನು ಮುಚ್ಚಿಟ್ಟರೆ ಮಿಕ್ಕದ್ದೆಲ್ಲ ಹೇಳಿ ಏನು ಪ್ರಯೋಜನ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಕ್ಕನ ಹತ್ತಿರ ಹೋಗಿ ದೊಡ್ಡ ಮರ್ಯಾದೆ ಮಾಡುವವಳಂತೆ ಹೇಳಿದೆ, "ಅಕ್ಕಾ, ಆಕಿಗೆ ಈ ಹಾಡು ಹಾಡೂ ಆಶಾ ಅದ, ಪೂರಾ ಬರಂಗಿಲ್ಲ. ನಿನ್ನಷ್ಟು ಯಾರಿಗೆ ಬರ್ತದ? ನೀ ಪರದೆ ಹಿಂದ ನಿಂತು ಒಂದಿಷ್ಟು ಹೇಳಿಕೊಡ್ತಿ?"

ಅವಳು ಮೈಕನ್ನು ಒಮ್ಮೆ ನೋಡಿದಳು. ಮದುಮಗಳನ್ನು ನೋಡಿದಳು. "ಹೂಂ, ಅಲ್ಲೇ ನೀರಿನ ಕೊಡದ ಹಂತೇಕ ನಿಂದರ್ತೀನಿ" ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಎದುರುಮನೆಯಾಕೆ ಎರಡು ನುಡಿಗೇ ನಿಂತಳು. ಹಿಂದಿನಿಂದ ಅಕ್ಕನ ದನಿ ಬಂತು. ಬಾಗಿಲ ಹಿಂದೆ ಇಷ್ಟು ವರ್ಷ ಹೇಳಿಕೊಟ್ಟ ದನಿ ಅದು, ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲ ಗೊತ್ತು. ಆದರೆ ಆ ಮೈಕಿಗೆ ನಮ್ಮ ರೀತಿ ರಿವಾಜು ಏನು ಗೊತ್ತು? ಅದು ಅಕ್ಕನನ್ನೂ ಹಿಡಿದುಕೊಂಡಿತು. ಮುಂದಿನಾಕೆಗಿಂತ ಹಿಂದಿನ ದನಿಯೇ ಗೋದಾಮು ತುಂಬಿತು. ಹಾಡು ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಎದುರುಮನೆಯಾಕೆ ಕೈ ಮುಗಿದಳು. ನಾನೂ ಚಪ್ಪಾಳೆ ತಟ್ಟಿದೆ.

ಆ ಹೊಸ ಸೊಸೆ ನನ್ನ ಹತ್ತಿರ ಬಂದು ಕೇಳಿದಳು, "ಹಿಂದ ಹಾಡಿದವರು ಯಾರ್ರೀ ಅಮ್ಮಾರ? ಅವರಿಗೆ ಕಾಲು ಬೀಳಬೇಕಾಗೇದ."

"ಮೊದಲ ಚಾ ತಗೋರವ್ವ, ಆರ್ತದ" ಅಂದೆ.

ಅಷ್ಟರಲ್ಲಿ ಅಕ್ಕ ಬಸ್ಸಿಗೆ ಹೊತ್ತಾಯಿತೆಂದು ಹೊರಟಿದ್ದಳು. ಬಾಳೆಹಣ್ಣಿನ ಚೀಲ ನೀರಿನ ಕೊಡದ ಬಾಜೂಕ್ಕೆ ಹಾಗೇ ಇತ್ತು. ಎಲ್ಲರಿಗೂ ನಾನೇ ಹಂಚಿದೆ. ನನಗೆ ತಿನ್ನಲಾಗಲಿಲ್ಲ.

ಒಂದು ವಾರ ಗಂಡನಿಗೂ ಬೈಯಲಿಲ್ಲ. ಕಡೆಗೆ ಕಮಲಾಪುರಕ್ಕೆ ಹೋದೆ. ಅಕ್ಕ ಬೈಯುತ್ತಾಳೆ, ಬೈದರೆ ಅತ್ತು ಹಗುರಾಗಬಹುದು ಎಂದುಕೊಂಡಿದ್ದೆ. ಅವಳು ಬಿಸಿ ರೊಟ್ಟಿ ಬಡಿದು, ಪುಂಡಿಪಲ್ಯ ಹಾಕಿ, ಮುಂದೆ ಕೂತು ಉಣ್ಣಿಸಿದಳು. ಉಣ್ಣುತ್ತ ಉಣ್ಣುತ್ತ ಅತ್ತುಬಿಟ್ಟೆ.

"ತಪ್ಪಾತಕ್ಕ" ಅಂದೆ.

"ಯಾಕಳ್ತಿ ಹುಚ್ಚಿ? ಬಾಗಲ ಹಿಂದ ನಿಂದ್ರೂದು ನನಗೇನು ಹೊಸಾದೇನ?"

"ಮುಂದಿನ ಐತಾರ ಬಾ. ನಾ ಕರಿಲಿಕ್ಕಂತ ಬಂದೀನಿ."

ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಬರ್ತೀನಿ ಬಿಡವ್ವ. ಖರೇ ಈ ಸಲ ಎಲ್ಲಿ ನಿಂದರ್ಬೇಕಂಬೂದು ಮೊದಲ ಹೇಳಿಬಿಡು. ಸುಮ್ಮನ ಹೊಸಾ ಸೀರಿ ಮಡಿಕಿ ಮುರೀತದ."

ಮೈಕಿನ ಮುಂದೆ ಎನ್ನಬೇಕಾಗಿತ್ತು, ಕೂಡಲೇ. ಅಂದೆ ಕೂಡ. ಆದರೆ ಅನ್ನುವ ಮೊದಲು, ಅವತ್ತು ಯಾರು ಯಾರು ಬಂದಿರುತ್ತಾರೋ ಎಂದು ಒಂದು ಗಳಿಗೆ ಯೋಚಿಸಿದೆ. ಅಕ್ಕ ನನ್ನ ಮುಖ ನೋಡುತ್ತಿದ್ದಳು.